ಇದರಾಗ ಹೊಸದೇನೈತ್ರಿ ಕಾಕಾ?

ಬ್ಲಾಗಿನ ಕಡೆ ತಲೆ ಹಾಕದೆ ಬಹಳ ದಿನಗಳಾದವು. ಬರೆಯಲು ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ. ಆದರೆ ಮೊನ್ನೆ ಊರಿಗೆ ಹೋಗಿ ಬಂದ ಮೇಲೆ ಒಂದು ವಿಷಯ ತಲೆ ಕೊರೆಯುತ್ತಿದೆ. ಸ್ವಲ್ಪ ಉದ್ದ ಆಗಬಹುದು, ನಡುನಡುವೆ ಕಾನೂನಿನ ಮಾತೂ ಬರುತ್ತದೆ. ಚಹಾ ತಂದಿಟ್ಟುಕೊಂಡೇ ಓದಿ.

ನಮ್ಮೂರು ಹುಕ್ಕೇರಿ ತಾಲ್ಲೂಕಿನದು. ಅಣ್ಣನ ಮಗ ಹಿತ್ತಲಲ್ಲಿ ಒಂದು ಪತ್ರಾಸ್ ಶೆಡ್ಡು ಹಾಕಿ ಊಟದ ಪತ್ರಾವಳಿ ಮಾಡುತ್ತಾನೆ. ಮುತ್ತಲ ಎಲೆಯನ್ನು ಓಣಿಯ ಹೆಣ್ಣುಮಕ್ಕಳು ಕಡ್ಡಿ ಚುಚ್ಚಿ ದುಂಡಗೆ ಹಚ್ಚಿಕೊಡುತ್ತಾರೆ. ಅದರ ಕೆಳಗೆ ಒಂದು ದಪ್ಪ ಕಾಗದ ಇಟ್ಟು, ಬಿಸಿ ಮಾಡಿದ ಎರಡು ಕಬ್ಬಿಣದ ಡೈಗಳ ನಡುವೆ ಒತ್ತಿದರೆ ಅಂಚು ಎದ್ದು ತಾಟಿನ ಆಕಾರ ಬರುತ್ತದೆ. ಮದುವೆ, ಜಾತ್ರೆ ಸೀಸನ್ನಿನಲ್ಲಿ ಗೋಕಾಕ, ಮೂಡಲಗಿ, ಸಂಕೇಶ್ವರದ ಅಂಗಡಿಗಳಿಗೆಲ್ಲ ಇವನ ಮಾಲು ಹೋಗುತ್ತದೆ. ಕರೆಂಟು ನಮ್ಮ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘದ್ದು, 1969ರಲ್ಲಿ ಶುರುವಾದದ್ದು. ಒಟ್ಟಿನಲ್ಲಿ ಎಲ್ಲಾ ನಮ್ಮವೇ: ಎಲೆ, ಕೈ, ಕರೆಂಟು.

ನಾನು ಊರಿಗೆ ಹೋದ ದಿನ ಪೋರ ಮುಖ ಸಣ್ಣ ಮಾಡಿಕೊಂಡು ಒಂದು ಪತ್ರ ತಂದು ಕೈಗಿಟ್ಟ. ಇಂಗ್ಲಿಷಿನಲ್ಲಿ ಮೂರು ಪುಟ, ಕೆಳಗೆ ವಕೀಲರ ಸಹಿ. ಸಾರಾಂಶ ಇಷ್ಟು: ನೀವು ತಾಟು ಒತ್ತುವ ವಿಧಾನ ನಮ್ಮ ಕಕ್ಷಿದಾರರ ಪೇಟೆಂಟಿಗೆ ಸೇರಿದ್ದು, ಕೂಡಲೇ ನಿಲ್ಲಿಸಿ, ಇಲ್ಲವೇ ಹಣ ಕಟ್ಟಿ ಲೈಸೆನ್ಸ್ ತಗೊಳ್ಳಿ. ಯಾವ ಕಂಪನಿ ಅಂತ ಇಲ್ಲಿ ಬರೆಯುವುದಿಲ್ಲ. ನನ್ನ ಜಗಳ ಆ ಕಂಪನಿಯ ಹೆಸರಿನ ಜೊತೆ ಅಲ್ಲ.

ಅವರ ವಿಧಾನ ಏನು ಅಂತ ಹುಡುಕಿ ಓದಿದೆ. ಎಲೆಯನ್ನು ಬಿಸಿ ಡೈನಲ್ಲಿ ಒಮ್ಮೆ ಒತ್ತುವುದು, ಕ್ಷಣಕಾಲ ತುಸು ಎತ್ತಿ ಹಬೆ ಹೊರಗೆ ಬಿಡುವುದು, ಮತ್ತೆ ಪೂರ್ತಿ ಒತ್ತಿ ಹಿಡಿಯುವುದು. ಅಷ್ಟೇ! ಇದನ್ನು ಹುಡುಗನಿಗೆ ಕನ್ನಡದಲ್ಲಿ ಹೇಳಿದೆ. ಅವನು ನನ್ನ ಮುಖ ನೋಡಿ ಹೇಳಿದ್ದೇ ಈ ಬರಹದ ತಲೆಬರಹ.

"ಇದರಾಗ ಹೊಸದೇನೈತ್ರಿ ಕಾಕಾ? ಎಲಿ ಹಸೀ ಇದ್ರ ಉಸರ ಬಿಡಸಬೇಕಲ್ರಿ. ಒಮ್ಮೆಲೆ ಒತ್ತಿದ್ರ ಗುಳ್ಳಿ ಏಳತಾವು, ಕಾಗದಾ ಕಿತ್ತ ಬರ್ತೈತಿ. ಅಪ್ಪಾನ ಕಾಲದಿಂದ ಹಿಂಗ ಮಾಡ್ಕೋತ ಬಂದೇವಿ."

ಉಸಿರು ಬಿಡಿಸುವುದು. ಎಷ್ಟು ಚೆಂದದ ಮಾತು ನೋಡಿ! ನಾನು ಎಂಜಿನಿಯರಿಂಗ್ ಓದಿದವನು, ಈ ಕೆಲಸಕ್ಕೆ ಪುಸ್ತಕದಲ್ಲೂ ಅದೇ ಹೆಸರಿದೆ, ಇಂಗ್ಲಿಷಿನಲ್ಲಿ 'ಬ್ರೀದಿಂಗ್' ಅಂತಾರೆ. ರಬ್ಬರ್ ವಾಶರ್ ಇರಲಿ, ಸ್ವಿಚ್ಚಿನ ಬೇಕಲೈಟ್ ಮುಚ್ಚಳ ಇರಲಿ, ಬಿಸಿ ಅಚ್ಚಿನಲ್ಲಿ ಒತ್ತಿ ಮಾಡುವ ಕಂಪ್ರೆಶನ್ ಮೋಲ್ಡಿಂಗ್‌ನಲ್ಲಿ ಒಳಗೆ ಸಿಕ್ಕ ಗಾಳಿ, ಹಬೆ ಹೊರಬರಲು ಅಚ್ಚನ್ನು ತುಸು ತೆರೆದು ಮುಚ್ಚುವುದು ಬಹಳ ಹಳೆಯ ರೂಢಿ. ಲಿಯೋ ಬೇಕ್‌ಲ್ಯಾಂಡ್ ಬಿಸಿ ಮತ್ತು ಒತ್ತಡದಿಂದ ಬೇಕಲೈಟ್ ಗಟ್ಟಿ ಮಾಡುವ ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1909ರಲ್ಲಿ. ನಮ್ಮ ಹುಡುಗ ಆ ಪುಸ್ತಕ ಯಾವುದನ್ನೂ ಓದಿಲ್ಲ. ಗುಳ್ಳೆ ಎದ್ದ ತಾಟು ನೋಡಿ ಅವನಪ್ಪ ತಾನೇ ಕಂಡುಕೊಂಡ.

ಹಾಗಾದರೆ ಪ್ರಶ್ನೆ ಇದು. ರಬ್ಬರಿನವರಿಗೆ ಗೊತ್ತಿದ್ದದ್ದನ್ನು ಎಲೆಗೆ ಹಚ್ಚಿದರೆ ಅದು ಆವಿಷ್ಕಾರವೋ, ಕೈಗೆಲಸದವನ ಸಾಮಾನ್ಯ ಬುದ್ಧಿಯೋ? ಗೆರೆ ಎಲ್ಲಿ ಎಳೆಯಬೇಕು, ಯಾರು ಎಳೆಯಬೇಕು?

ಮೊದಲು ಒಂದು ಉಪಯೋಗದ ಮಾತು, ಇಂಥ ಪತ್ರ ನಿಮ್ಮ ಮನೆಗೂ ಬರಬಹುದು. ಪತ್ರದಲ್ಲಿದ್ದ ನಂಬರನ್ನು ಭಾರತೀಯ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಹಾಕಿ ನೋಡಿದೆ. ಪುಕ್ಕಟೆ ನೋಡಬಹುದು. ಅದು ಪೇಟೆಂಟಿನ ನಂಬರೇ ಅಲ್ಲ, ಅರ್ಜಿಯ ನಂಬರು! ಅರ್ಜಿ ಹಾಕಿದ 18 ತಿಂಗಳಿಗೆ ಅದನ್ನು ಪ್ರಕಟಿಸುತ್ತಾರೆ. ಪ್ರಕಟವಾಯ್ತು ಅಂದರೆ ಪೇಟೆಂಟ್ ಸಿಕ್ಕಿತು ಅಂತಲ್ಲ. ಪರೀಕ್ಷೆ ಆಗಬೇಕು, ಆಕ್ಷೇಪಣೆ ಬಂದರೆ ಕೇಳಬೇಕು, ಆಮೇಲೆ ಮಂಜೂರು. ಮಂಜೂರಾಗುವ ತನಕ ಯಾರ ಮೇಲೂ ದಾವೆ ಹೂಡಲು ಬರುವುದಿಲ್ಲ. ಇನ್ನೊಂದು, ಆಧಾರವಿಲ್ಲದೆ ಪೇಟೆಂಟಿನ ಹೆಸರಲ್ಲಿ ಹೆದರಿಸಿದರೆ ಹೆದರಿಸಿಕೊಂಡವನೇ ಕೋರ್ಟಿಗೆ ಹೋಗಿ ತಡೆಯಾಜ್ಞೆ, ನಷ್ಟಪರಿಹಾರ ಕೇಳಬಹುದು. 1970ರ ಪೇಟೆಂಟ್ ಕಾಯ್ದೆಯ 106ನೇ ಕಲಂ. ಇದನ್ನು ಹೇಳಿದ ಮೇಲೆ ಪೋರ ಆ ದಿನ ಮೊದಲ ಸಲ ಹೊಟ್ಟೆ ತುಂಬ ಊಟ ಮಾಡಿದ.

ಆದರೆ ನನ್ನ ತಲೆಯೊಳಗಿನ ಪ್ರಶ್ನೆ ಹಾಗೇ ಉಳಿಯಿತು. ನಾಳೆ ಆ ಅರ್ಜಿ ಮಂಜೂರಾದರೆ?

ನಮ್ಮ ಕಾಯ್ದೆ ಪೇಟೆಂಟಿಗೆ ಮೂರು ಷರತ್ತು ಇಡುತ್ತದೆ. ಹೊಸದಾಗಿರಬೇಕು, ಉದ್ದಿಮೆಯಲ್ಲಿ ಬಳಸಲು ಬರಬೇಕು, ಮತ್ತು ಆ ಕಸುಬು ಬಲ್ಲವನಿಗೆ ಅದು ಎದ್ದು ಕಾಣುವಂಥದ್ದು ಆಗಿರಬಾರದು. ಜಗಳವೆಲ್ಲ ಈ ಮೂರನೆಯದರಲ್ಲೇ. 'ಎದ್ದು ಕಾಣುವುದು' ಅಂದರೆ ಯಾರ ಕಣ್ಣಿಗೆ?

ಇದಕ್ಕೆ ನಮ್ಮ ಸುಪ್ರೀಂ ಕೋರ್ಟು ಕೊಟ್ಟ ದೊಡ್ಡ ಉತ್ತರ ಹುಟ್ಟಿದ್ದು ಬೆಂಗಳೂರು, ಮುಂಬಯಿಯ ಲ್ಯಾಬಿನಲ್ಲಿ ಅಲ್ಲ, ಉತ್ತರ ಪ್ರದೇಶದ ಮಿರ್ಜಾಪುರದ ಹಿತ್ತಾಳೆ ಪಾತ್ರೆಯ ವರ್ಕ್‌ಶಾಪಿನಲ್ಲಿ. ಅಲ್ಲಿ ಪಾತ್ರೆಯನ್ನು ಲೇಥಿಗೆ ಅರಗಿನಂಥ ಅಂಟಿನಿಂದ ಅಂಟಿಸಿ ಹೆರೆಯುತ್ತಿದ್ದರು. ತಿರುಗುವಾಗ ಅಂಟು ಬಿಟ್ಟು ಪಾತ್ರೆ ಹಾರಿ ಬರುತ್ತಿತ್ತು, ಜೀವಕ್ಕೇ ಅಪಾಯ. ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ಅನ್ನುವ ಸಂಸ್ಥೆ ಪಾತ್ರೆಯನ್ನು ಎದುರಿನಿಂದ ಒಂದು ತಿರುಗುವ ಮೊನೆಯಿಂದ ಒತ್ತಿ ಹಿಡಿಯುವ ಉಪಾಯ ಮಾಡಿ 1951ರಲ್ಲಿ ಪೇಟೆಂಟ್ ಪಡೆಯಿತು. ಅದೇ ಊರಿನ ಬಿಶ್ವನಾಥ ಪ್ರಸಾದ್ ರಾಧೇ ಶ್ಯಾಮ್ ಸಂಸ್ಥೆಯವರೂ ಹಾಗೇ ಮಾಡಿದಾಗ ದಾವೆ. ಅಲಹಾಬಾದ್ ಹೈಕೋರ್ಟಿನ ಏಕಸದಸ್ಯ ಪೀಠ ಪೇಟೆಂಟ್ ರದ್ದು ಮಾಡಿತು, ವಿಭಾಗೀಯ ಪೀಠ ಎತ್ತಿಹಿಡಿಯಿತು, ಕೊನೆಗೆ 1978ರಲ್ಲಿ ಸುಪ್ರೀಂ ಕೋರ್ಟು ಮತ್ತೆ ರದ್ದು ಮಾಡಿತು. ನ್ಯಾಯಮೂರ್ತಿ ಸರ್ಕಾರಿಯಾ ಬರೆದ ತೀರ್ಪಿನ ತಿರುಳು ಇಷ್ಟು: ಹಳೆಯ ಉಪಕರಣವನ್ನು ಹತ್ತಿರದ ಇನ್ನೊಂದು ಕೆಲಸಕ್ಕೆ ಹಚ್ಚಿದ್ದು, ಅದೂ ಒಬ್ಬ ನುರಿತ ಕಸುಬುಗಾರನಿಗೆ ತಾನಾಗಿ ಹೊಳೆಯುವಂಥದ್ದು, ಬರೀ ವರ್ಕ್‌ಶಾಪಿನ ಸುಧಾರಣೆ. ಅದಕ್ಕೆ ಏಕಸ್ವಾಮ್ಯ ಕೊಡಲಾಗದು.

ಸರಿಯಾದ ತೀರ್ಪೇ. ಆದರೆ ಲೆಕ್ಕ ಹಾಕಿ. 1951ರಿಂದ 1978, ಅಂದರೆ 27 ವರ್ಷ! ಆಗಿನ ಕಾಯ್ದೆಯಲ್ಲಿ ಪೇಟೆಂಟಿನ ಆಯುಸ್ಸೇ 16 ವರ್ಷ. ಪೇಟೆಂಟ್ ತನ್ನಷ್ಟಕ್ಕೆ ತಾನೇ ಸತ್ತ ಮೇಲೂ ಅದು ಹುಟ್ಟಬಾರದಿತ್ತು ಅಂತ ತೀರ್ಪು ಬರಲು ಇಷ್ಟು ದಿನ. ಮಿರ್ಜಾಪುರದ ವ್ಯಾಪಾರಸ್ಥರು ತಡೆದುಕೊಂಡರು. ನಮ್ಮ ಪತ್ರಾಸ್ ಶೆಡ್ಡು ತಡೆದೀತೇ?

ಈ ವಿಚಾರದ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. 1851ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಬಾಗಿಲಿನ ಹಿಡಿಕೆ. ಹಾಚ್‌ಕಿಸ್ ಎಂಬವರು ಕಟ್ಟಿಗೆ, ಲೋಹದ ಬದಲು ಕುಂಬಾರ ಮಣ್ಣಿನಲ್ಲಿ ಹಿಡಿಕೆ ಮಾಡಿ ಪೇಟೆಂಟ್ ಪಡೆದಿದ್ದರು. ಕೋರ್ಟು ಒಪ್ಪಲಿಲ್ಲ. ಹಿಡಿಕೆ ಹಳೆಯದು, ಮಣ್ಣೂ ಹಳೆಯದು, ಒಂದರ ಬದಲು ಇನ್ನೊಂದು ಹಾಕಲು ಸಾಮಾನ್ಯ ಮೆಕ್ಯಾನಿಕ್‌ಗೆ ಇರುವ ಜಾಣತನವೇ ಸಾಕು ಅಂತ ಹೇಳಿತು.

ಇದನ್ನು ಓದುವಾಗ ನನಗೆ ನೆನಪಾದದ್ದು ಗೋಕಾಕದ ಗೊಂಬೆಗಳು. ಬ್ರಿಟಿಷರ ಕಾಲದ ಗೆಜೆಟಿಯರುಗಳಲ್ಲೇ ಬರೆದಿದ್ದಾರೆ, ಗೋಕಾಕದವರು ಗೊಂಬೆ, ಹಣ್ಣುಗಳನ್ನು ಹಗುರ ಕಟ್ಟಿಗೆಯಲ್ಲೂ ಮಾಡುತ್ತಾರೆ, ಸುತ್ತಮುತ್ತ ಸಿಗುವ ಒಂದು ಬಗೆಯ ಮಣ್ಣಿನಲ್ಲೂ ಮಾಡುತ್ತಾರೆ ಅಂತ. ಕಟ್ಟಿಗೆಯ ಮಾವಿನಹಣ್ಣು, ಮಣ್ಣಿನ ಮಾವಿನಹಣ್ಣು. ಅಮೆರಿಕದ ನ್ಯಾಯಾಧೀಶರು ತಲೆ ಕೆಡಿಸಿಕೊಂಡ ಪ್ರಶ್ನೆಯನ್ನು ನಮ್ಮ ಗೊಂಬೆ ಮಾಡುವವರು ಸದ್ದಿಲ್ಲದೆ ದಿನಾ ಬಿಡಿಸುತ್ತಿದ್ದರು. ಕಟ್ಟಿಗೆ ಸಿಗದಿದ್ದರೆ ಮಣ್ಣು, ಮಣ್ಣು ಸಿಗದಿದ್ದರೆ ಇನ್ನೊಂದು. ಅವರಲ್ಲಿ ಒಬ್ಬ ಅದಕ್ಕೆ ಪೇಟೆಂಟ್ ಹಾಕಿ ಉಳಿದವರ ಕೈ ಕಟ್ಟಿದ್ದರೆ ಗೋಕಾಕ ಗೊಂಬೆಗೆ ಹೆಸರು ಬರುತ್ತಿತ್ತೇ?

ಗೋಕಾಕದ ಕರದಂಟಿನದೂ ಅದೇ ಕಥೆ. ಬೆಲ್ಲದ ಪಾಕ, ಕರಿದ ಅಂಟು, ಕೊಬ್ಬರಿ, ಉತ್ತತ್ತಿ, ಗೋಡಂಬಿ ಕಲಸಿ ತಾಟಿಗೆ ಹಾಕಿ ಒತ್ತಿ ಕತ್ತರಿಸುತ್ತಾರೆ. ಅಮೀನಗಡದವರೂ ಮಾಡುತ್ತಾರೆ. ಯಾರದ್ದು ರುಚಿ ಅಂತ ನಮ್ಮ ಕಡೆ ಬೇಕಾದಷ್ಟು ಜಗಳ ಇದೆ, ಆದರೆ ಒತ್ತಿ ಕತ್ತರಿಸುವ ಹಕ್ಕು ಯಾರದ್ದು ಅಂತ ಜಗಳ ಇಲ್ಲ. ಇರಲೂ ಬಾರದು :-)

ಇಲ್ಲಿಗೇ ನಿಲ್ಲಿಸಿದ್ದರೆ ಬರಹ ಸುಲಭವಾಗಿ ಮುಗಿಯುತ್ತಿತ್ತು. ಆದರೆ ಪ್ರಾಮಾಣಿಕವಾಗಿ ಹೇಳಬೇಕು, ಎದುರು ಪಕ್ಷದ ವಾದವೂ ಗಟ್ಟಿಯಿದೆ. 'ಕಂಡ ಮೇಲೆ ಎಲ್ಲವೂ ಸುಲಭ' ಅನ್ನುವುದು ಸುಳ್ಳಲ್ಲ. ಗಂಟು ಬಿಚ್ಚಿದವನ ಪಕ್ಕ ನಿಂತು 'ಇಷ್ಟೇನಾ' ಅನ್ನುವವರು ಎಲ್ಲ ಊರಿನಲ್ಲೂ ಇರುತ್ತಾರೆ.

ಇದಕ್ಕೆ ಉದಾಹರಣೆ ನಮ್ಮ ಅಜ್ಜನ ಹಲ್ಲಿನ ಸೆಟ್ಟು. ಹಲ್ಲಿನ ಸೆಟ್ಟನ್ನೂ ಒತ್ತಿಯೇ ಮಾಡುತ್ತಾರೆ. ಬಾಯಿಯ ಅಳತೆ ತೆಗೆದು ಪ್ಲಾಸ್ಟರಿನ ಅಚ್ಚು ಮಾಡಿ, ಹಲ್ಲು ಜೋಡಿಸಿ, ಮೆತ್ತನೆಯ ವಸ್ತು ತುಂಬಿ, ಒತ್ತಿ, ಬಿಸಿ ಕೊಟ್ಟು ಗಟ್ಟಿ ಮಾಡುವುದು. ಈಗ ಅಕ್ರಿಲಿಕ್, ಮೊದಲು ರಬ್ಬರ್. ರಬ್ಬರಿನದಕ್ಕೆ ಜಾನ್ ಕಮ್ಮಿಂಗ್ಸ್ ಎಂಬ ದಂತವೈದ್ಯ 1864ರಲ್ಲಿ ಪೇಟೆಂಟ್ ಪಡೆದ. ಅದು ಗುಡ್‌ಇಯರ್ ಡೆಂಟಲ್ ವಲ್ಕನೈಟ್ ಕಂಪನಿಯ ಕೈಗೆ ಬಂತು. ಚಿನ್ನದ ಬದಲು ರಬ್ಬರ್, ಇದೂ ಬಾಗಿಲ ಹಿಡಿಕೆಯ ಹಾಗೆ ಬರೀ ವಸ್ತು ಬದಲಾವಣೆ ಅಂತ ವಾದ ನಡೆಯಿತು. ಆದರೆ 1876ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಪೇಟೆಂಟನ್ನು ಎತ್ತಿಹಿಡಿಯಿತು. ಯಾಕೆ? ಹಲ್ಲು ಮತ್ತು ತಟ್ಟೆ ಒಂದಾಗಿ ಕೂಡಿಕೊಂಡವು, ಹಗುರವಾಯಿತು, ಬಾಯಿಗೆ ಸರಿಯಾಗಿ ಕೂತಿತು, ಅಗ್ಗವಾಯಿತು. ಹಿಡಿಕೆ ಹಿಡಿಕೆಯಾಗಿಯೇ ಉಳಿದಿತ್ತು, ಇಲ್ಲಿ ಹೊಸದೇ ಒಂದು ವಸ್ತು ಬಂದಿತ್ತು.

ಹಾಗಾಗಿ 'ವಸ್ತು ಬದಲಿಸಿದ್ದು ಅಷ್ಟೇ' ಅಂತ ಕಣ್ಣು ಮುಚ್ಚಿ ತಳ್ಳಿಹಾಕಲು ಬರುವುದಿಲ್ಲ. ಬದಲಾವಣೆಯಿಂದ ಯಾರೂ ನಿರೀಕ್ಷಿಸದ ಗುಣ ಬಂತೇ ಅಂತ ನೋಡಬೇಕು. ಅದೇ ಪೇಟೆಂಟಿನ ಇನ್ನೊಂದು ಮುಖವನ್ನೂ ಹೇಳಿಬಿಡುತ್ತೇನೆ. ಕಂಪನಿ ದಂತವೈದ್ಯರ ಬೆನ್ನುಹತ್ತಿ ಲೈಸೆನ್ಸ್ ಹಣ ವಸೂಲಿ ಮಾಡಿತು, ದಾವೆ ಮೇಲೆ ದಾವೆ ಹೂಡಿತು. 1879ರಲ್ಲಿ ಕಂಪನಿಯ ಖಜಾಂಚಿ ಜೋಸಾಯ ಬೇಕನ್‌ನನ್ನು ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲಿನಲ್ಲಿ ಒಬ್ಬ ದಂತವೈದ್ಯ ಗುಂಡಿಕ್ಕಿ ಕೊಂದ. ಕಾನೂನು ಸರಿಯಿದ್ದರೂ ಅದನ್ನು ಬೀಸುವ ಕೈ ಕ್ರೂರವಾದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಕಥೆ ಬೇಕಿಲ್ಲ. (ಅಜ್ಜನಿಗೆ ಈ ಕಥೆ ಗೊತ್ತಿರಲಿಲ್ಲ. ಸೆಟ್ಟು ಹಾಕಿಸಿಕೊಂಡ ಮೇಲೆ ಕರದಂಟು ತಿನ್ನಲಾಗುವುದಿಲ್ಲ ಅನ್ನುವುದೊಂದೇ ಅವನ ದುಃಖ.)

ಈಗ ನಮ್ಮ ದೇಶದ್ದೇ, ನಮ್ಮ ಪತ್ರಾವಳಿಗೆ ತೀರಾ ಹತ್ತಿರದ ಒಂದು ಕೇಸು. ಹಿಮಾಚಲದ ಬೆಟ್ಟಗಳಲ್ಲಿ ಸೇಬು, ತರಕಾರಿ ಹೊರಲು ಬೆನ್ನಿಗೆ ಕಟ್ಟಿಕೊಳ್ಳುವ ಬಿದಿರಿನ ಬುಟ್ಟಿ ಇದೆ, 'ಕಿಲ್ಟಾ' ಅಂತಾರೆ. ಧನಪತ್ ಸೇಠ್ ಮತ್ತು ಜೊತೆಗಾರರು ಅದನ್ನು ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿ, ಪಟ್ಟಿ ಜೋಡಿಸಿ ಪೇಟೆಂಟ್ ಪಡೆದರು, 2005ರಲ್ಲಿ ಮಂಜೂರಾಯಿತು. ನೀಲ್‌ಕಮಲ್ ಪ್ಲಾಸ್ಟಿಕ್ ಕ್ರೇಟ್ಸ್ ಕಂಪನಿ ಅಂಥದ್ದೇ ಬುಟ್ಟಿ ತಂದಾಗ ಹಿಮಾಚಲ ಪ್ರದೇಶ ಹೈಕೋರ್ಟಿಗೆ ಹೋದರು. ಕೋರ್ಟು ತಡೆಯಾಜ್ಞೆ ಕೊಡಲಿಲ್ಲ. ಬಿದಿರಿನ ಕಿಲ್ಟಾ ತಲೆಮಾರುಗಳಿಂದ ಇದೆ, ಅದನ್ನೇ ಪ್ಲಾಸ್ಟಿಕ್ಕಿನಲ್ಲಿ ಮಾಡಿದರೆ ಮೇಲ್ನೋಟಕ್ಕೆ ಆವಿಷ್ಕಾರ ಅನ್ನಿಸುವುದಿಲ್ಲ ಅಂತ ಅದರ ಅಭಿಪ್ರಾಯ. 2008ರ ಕಾನೂನು ವರದಿಗಳಲ್ಲಿ ಈ ತೀರ್ಪು ಸಿಗುತ್ತದೆ. ಪಾರಂಪರಿಕ ಜ್ಞಾನವೇ ಆಗಿರುವುದಕ್ಕೆ ಪೇಟೆಂಟ್ ಇಲ್ಲ ಅನ್ನುವ 3(ಪಿ) ಕಲಮೂ ನಮ್ಮ ಕಾಯ್ದೆಯಲ್ಲಿದೆ.

ಇಲ್ಲಿ ಗಮನಿಸಿ, ಸೋತವರು ಬಿಡಿ ವ್ಯಕ್ತಿಗಳು, ಗೆದ್ದದ್ದು ದೊಡ್ಡ ಕಂಪನಿ. ನನ್ನ ಕೆಲವು ಗೆಳೆಯರು ಇದನ್ನೇ ಹಿಡಿದು ವಾದ ಮಾಡುತ್ತಾರೆ: "ನೋಡು, ಇದು ಎದ್ದು ಕಾಣುತ್ತೆ ಅನ್ನೋ ನಿಯಮ ಬಡವನಿಗೇ ಪೆಟ್ಟು. ಅವನು ತಲೆ ಖರ್ಚು ಮಾಡ್ತಾನೆ, ದೊಡ್ಡವರು ನಕಲು ಹೊಡೀತಾರೆ."

ಅವರ ಸಂಕಟ ಅರ್ಥವಾಗುತ್ತದೆ. ಆದರೂ ನಾನು ಒಪ್ಪುವುದಿಲ್ಲ. ಆ ಪೇಟೆಂಟ್ ನಿಂತಿದ್ದರೆ ನೀಲ್‌ಕಮಲ್ ಒಂದೇ ಅಲ್ಲ, ನಾಳೆ ಹಳೇ ಪ್ಲಾಸ್ಟಿಕ್ ಪಟ್ಟಿಯಿಂದ ಕಿಲ್ಟಾ ಹೆಣೆಯಲು ಕೂತ ಬೆಟ್ಟದ ಮೇದಾರನಿಗೂ ಪತ್ರ ಹೋಗಬಹುದಿತ್ತು. ದೊಡ್ಡ ಕಂಪನಿಗೆ ವಕೀಲರಿದ್ದಾರೆ, ಪೇಟೆಂಟನ್ನು ಸುತ್ತುಹಾಕಿ ಹೋಗಲು ಎಂಜಿನಿಯರುಗಳಿದ್ದಾರೆ, ಏನೂ ಆಗದಿದ್ದರೆ ಹಣ ಕಟ್ಟುತ್ತದೆ. ಪತ್ರ ನೋಡಿ ಅನ್ನ ಬಿಡುವವನು ಶೆಡ್ಡಿನವನು. ಹಾಗಾಗಿ ಒಂದೆರಡು ಕೇಸಿನಲ್ಲಿ ಯಾರು ಗೆದ್ದರು ಅನ್ನುವುದಕ್ಕಿಂತ, ಎಲ್ಲರೂ ನೀರು ಸೇದುವ ಬಾವಿಗೆ ಬೀಗ ಬೀಳದಂತೆ ನೋಡಿಕೊಳ್ಳುವುದು ಮುಖ್ಯ. ಎದ್ದು ಕಾಣುವುದಕ್ಕೆ ಪೇಟೆಂಟ್ ಇಲ್ಲ ಅನ್ನುವ ನಿಯಮ ಆ ಬಾವಿಯ ಕಾವಲುಗಾರ.

ಆದರೆ ಕಾವಲುಗಾರನಿಗೆ ಕಣ್ಣು ಬೇಕಲ್ಲ? ನನ್ನ ತಕರಾರು ಇರುವುದು ಇಲ್ಲಿ.

ಕಾನೂನು 'ಕಸುಬು ಬಲ್ಲವನು' ಅಂತ ಒಬ್ಬ ಕಾಲ್ಪನಿಕ ಮನುಷ್ಯನನ್ನು ಕಲ್ಪಿಸಿಕೊಳ್ಳುತ್ತದೆ. ಅವನ ಬುದ್ಧಿ ಎಷ್ಟು ಅಂತ 2007ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕೆ.ಎಸ್.ಆರ್. ವಿರುದ್ಧ ಟೆಲಿಫ್ಲೆಕ್ಸ್ ಕೇಸಿನಲ್ಲಿ, ಕಾರಿನ ಪೆಡಲ್ ಬಗ್ಗೆ, ಚೆನ್ನಾಗಿ ಹೇಳಿತು. ಅವನು ಹೇಳಿದಷ್ಟೇ ಮಾಡುವ ಯಂತ್ರ ಅಲ್ಲ, ಅವನಿಗೂ ಸಾಮಾನ್ಯ ಸೃಜನಶೀಲತೆ ಇರುತ್ತದೆ, ಪಕ್ಕದ ಕಸುಬಿನಲ್ಲಿ ಕಂಡದ್ದನ್ನು ತನ್ನ ಕೆಲಸಕ್ಕೆ ಹಚ್ಚಿಕೊಳ್ಳಬಲ್ಲ ಅಂತ. ಒಳ್ಳೆಯದು. ಆದರೆ ಅರ್ಜಿ ಪರೀಕ್ಷೆ ಮಾಡುವ ಅಧಿಕಾರಿಯ ಎದುರು ಬರುವುದು ಮನುಷ್ಯ ಅಲ್ಲ, ಕಾಗದ. ಹಳೆಯ ಪೇಟೆಂಟು, ಜರ್ನಲ್, ಪುಸ್ತಕ. ಹೆಚ್ಚಿನವು ಇಂಗ್ಲಿಷಿನಲ್ಲಿ. ಉದ್ಯಮಬಾಗದ ಲೇಥಿನವನಿಗೆ ಗೊತ್ತಿದ್ದದ್ದು, ನಮ್ಮ ಹುಡುಗನಿಗೆ ಗೊತ್ತಿದ್ದದ್ದು, ಬೆಲ್ಲದ ಗಾಣದಲ್ಲಿ ಪಾಕ ಬೆರಳಿಗೆ ಹಚ್ಚಿ ನೋಡುವ ಮೂಡಲಗಿ ಕಡೆಯ ಮುದುಕನಿಗೆ ಗೊತ್ತಿದ್ದದ್ದು ಯಾವ ಕಾಗದದಲ್ಲಿದೆ? ಎಲ್ಲೂ ಇಲ್ಲ. ಎಲ್ಲರಿಗೂ ಗೊತ್ತಿದ್ದದ್ದನ್ನು ಯಾರೂ ಬರೆದಿಡುವುದಿಲ್ಲ, ಎಲ್ಲರಿಗೂ ಗೊತ್ತಿದೆ ಅನ್ನುವ ಕಾರಣಕ್ಕೇ!

ಕಾಯ್ದೆ ಇದನ್ನು ಪೂರ್ತಿ ಮರೆತಿಲ್ಲ. 25(1)(ಕೆ) ಪ್ರಕಾರ ಯಾವುದೇ ಸ್ಥಳೀಯ ಸಮುದಾಯದಲ್ಲಿ ಬಾಯಿಮಾತಿನಲ್ಲಿ ಇರುವ ಜ್ಞಾನವನ್ನೂ ಮುಂದಿಟ್ಟು ಆಕ್ಷೇಪಿಸಬಹುದು. ಮಂಜೂರಾಗುವ ಮೊದಲು ಯಾರು ಬೇಕಾದರೂ ಆಕ್ಷೇಪಣೆ ಹಾಕಬಹುದು. 2024ರ ನಿಯಮ ತಿದ್ದುಪಡಿಯಿಂದ ಅದಕ್ಕೆ ಶುಲ್ಕ ಬಂದಿದೆ, ಅದು ನನಗೆ ಸರಿ ಕಾಣುವುದಿಲ್ಲ. ಇರಲಿ. ಹಕ್ಕು ಇದೆ. ಆದರೆ ಬಾಯಿಮಾತನ್ನು ಚೆನ್ನೈನ ಪೇಟೆಂಟ್ ಕಚೇರಿಯ ಎದುರು ಸಾಬೀತು ಮಾಡುವುದು ಹೇಗೆ?

ಅರಿಷಿಣದ ಪ್ರಕರಣ ನಿಮಗೆಲ್ಲ ನೆನಪಿದೆ. ಗಾಯಕ್ಕೆ ಅರಿಷಿಣ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕ ಪೇಟೆಂಟ್ ಕೊಟ್ಟಿತು, ನಮ್ಮ ಸಿ.ಎಸ್.ಐ.ಆರ್. ಹೋರಾಡಿ 1997ರಲ್ಲಿ ರದ್ದು ಮಾಡಿಸಿತು. ಗೆದ್ದದ್ದು ಹೇಗೆ? ನಮ್ಮ ಅಜ್ಜಿಯರೆಲ್ಲ ಹಚ್ಚುತ್ತಿದ್ದರು ಅಂತ ಹೇಳಿ ಅಲ್ಲ. ಹಳೆಯ ಗ್ರಂಥಗಳು, 1953ರಲ್ಲಿ ಭಾರತೀಯ ವೈದ್ಯಕೀಯ ಸಂಘದ ಜರ್ನಲ್‌ನಲ್ಲಿ ಬಂದ ಲೇಖನ, ಹೀಗೆ ಬರೆದಿಟ್ಟ ಕಾಗದ ತೋರಿಸಿ. ಆ ಪಾಠದಿಂದಲೇ 2001ರಲ್ಲಿ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಶುರುವಾಯಿತು. ಆದರೆ ಅದರಲ್ಲಿರುವುದು ಮುಖ್ಯವಾಗಿ ಆಯುರ್ವೇದ, ಯುನಾನಿ, ಸಿದ್ಧ, ಯೋಗ, ಅಂದರೆ ಮೊದಲೇ ಗ್ರಂಥ ಇದ್ದವರ ಜ್ಞಾನ. ಕಮ್ಮಾರನ, ಬಡಿಗನ, ಪತ್ರಾವಳಿ ಹಚ್ಚುವ ಹೆಣ್ಣುಮಗಳ ಗ್ರಂಥ ಯಾವುದು?

ಮತ್ತೆ ಶೆಡ್ಡಿಗೆ ಬರೋಣ. ಪೋರನಿಗೆ ಕೇಳಿದೆ, "ತಮ್ಮಾ, ಅಪ್ಪಾನ ಕಾಲದಿಂದ ಮಾಡ್ತೀವಿ ಅಂತೀಯಲ್ಲ, ಏನರೆ ಕಾಗದಾ ಐತಿ?"

"ಕಾಗದಾ ಎಲ್ಲಿಂದ ಬರ್ತೈತ್ರಿ ಕಾಕಾ? ಕೈಯಾಗ ಐತಿ."

ಎರಡು ದಿನ ಹುಡುಕಿದೆವು. ಕೊನೆಗೆ ಸಿಕ್ಕಿದ್ದು ಗೋಡೆಯ ಮೊಳೆಗೆ ನೇತುಹಾಕಿದ ತಂತಿಯಲ್ಲಿ. ಅಣ್ಣ ಬಿಲ್ಲುಗಳನ್ನೆಲ್ಲ ಆ ತಂತಿಗೆ ಚುಚ್ಚಿಡುತ್ತಿದ್ದ. ಲೈಟ್ ಬಿಲ್ಲು, ಗೊಬ್ಬರದ ಬಿಲ್ಲು, ನಡುವೆ ಬೆಳಗಾವಿಯ ಒಂದು ಲೇಥ್ ವರ್ಕ್ಸಿನ ಹಳದಿ ಬಿಲ್ಲು. ಕನ್ನಡದಲ್ಲಿ ಬಾಲ್‌ಪೆನ್ನಿನ ಬರಹ: ತಾಟಿನ ಡೈ ಒಂದು ಜೋಡಿ, ಹ್ಯಾಂಡಲಿಗೆ ಎರಡು ಹಲ್ಲು, ಹಬೆ ಬಿಡಲು. ಕೆಳಗೆ ತಾರೀಖು. ಕಂಪನಿಯ ಅರ್ಜಿಗಿಂತ ಹತ್ತು ವರ್ಷ ಹಿಂದಿನದು!

ನನಗೆ ಕಣ್ಣಲ್ಲಿ ನೀರೇ ಬಂತು. ಅಣ್ಣ ಈಗಿಲ್ಲ. 'ಹಬೆ ಬಿಡಲು' ಅನ್ನುವ ಎರಡು ಪದ ಆ ಲೇಥಿನವರು ಬರೆಯದೆ ಬರೀ 'ಡೈ ಕೆಲಸ' ಅಂತ ಬರೆದಿದ್ದರೆ ಅವನ ಜಾಣತನಕ್ಕೆ ಸಾಕ್ಷಿಯೇ ಇರುತ್ತಿರಲಿಲ್ಲ. ಆ ಬಿಲ್ಲು ಒಂದೇ ಸಾಲದು ಅಂತ ಗೊತ್ತು. ಲೇಥಿನವರ ಅಫಿಡವಿಟ್ ಬೇಕು, ಆಗಿನಿಂದ ಮಾಲು ಕೊಂಡ ಅಂಗಡಿಯವರ ಮಾತು ಬೇಕು, ಎಲ್ಲರ ಕಣ್ಣೆದುರೇ ಒತ್ತುತ್ತಿದ್ದರು ಅಂತ ತೋರಿಸಬೇಕು. ಆಕ್ಷೇಪಣೆಗೆ ತಯಾರಿ ನಡೆದಿದೆ. ಏನಾಗುತ್ತದೋ ನೋಡೋಣ.

ಈಗ ನಿಮಗೆ, ಬ್ಲಾಗ್ ಬರೆಯುವ ಗೆಳೆಯರಿಗೆ, ನನ್ನ ಮಾತು. ನಾವೆಲ್ಲ ಊರಿನ ನೆನಪು ಬರೆಯುತ್ತೇವೆ. ಹಬ್ಬ, ಮಳೆ, ಅಜ್ಜಿಯ ಅಡುಗೆ, ಶಾಲೆಯ ಮೇಷ್ಟ್ರು. ಬರೆಯೋಣ, ಬೇಡ ಅನ್ನುವುದಿಲ್ಲ. ಅದರ ಜೊತೆಗೆ ಒಂದಿಷ್ಟು ಕೆಲಸವನ್ನೂ ಬರೆಯಿರಿ. ನಿಮ್ಮ ಊರಿನ ಕಮ್ಮಾರ ಕುಡುಗೋಲಿಗೆ ನೀರು ಹಾಕುವುದು ಹೇಗೆ, ಎಷ್ಟು ಕೆಂಪಾದಾಗ. ಗಾಣದಲ್ಲಿ ಬೆಲ್ಲದ ಪೆಂಟಿ ಅಚ್ಚಿಗೆ ಅಂಟದಂತೆ ಏನು ಮಾಡುತ್ತಾರೆ. ನೇಕಾರ ಎಳೆ ಕಡಿದಾಗ ಯಾವ ಗಂಟು ಹಾಕುತ್ತಾನೆ. 'ಅದ್ಭುತ ಕಲೆ' ಅಂತ ಹೊಗಳಬೇಡಿ, ಹೊಗಳಿಕೆ ಸಾಕ್ಷಿಯಾಗುವುದಿಲ್ಲ. ಅಳತೆ ಬರೆಯಿರಿ, ಬಿಸಿ ಎಷ್ಟು, ಹೊತ್ತು ಎಷ್ಟು, ಯಾಕೆ ಹಾಗೆ ಮಾಡುತ್ತಾರೆ ಅಂತ ಅವರ ಬಾಯಲ್ಲೇ ಬರೆಯಿರಿ. ಫೋಟೋ ಹಾಕಿ. ಎಲ್ಲಕ್ಕಿಂತ ಮುಖ್ಯ, ತಾರೀಖು. ಕನ್ನಡದಲ್ಲಿದ್ದರೂ ಸಾರ್ವಜನಿಕವಾಗಿ ಪ್ರಕಟವಾದದ್ದು ಪ್ರಕಟವಾದದ್ದೇ, ಅದರ ನಂತರ ಬರುವ ಅರ್ಜಿಯ ಎದುರು ಅದನ್ನು ಇಡಬಹುದು.

ಎರಡು ಎಚ್ಚರಿಕೆ. ಕೆಲಸ ಮಾಡುವವರನ್ನು ಕೇಳಿಯೇ ಬರೆಯಿರಿ, ಅವರ ಗುಟ್ಟು ನಮ್ಮ ಪೋಸ್ಟಿನ ಸರಕಲ್ಲ. ಮತ್ತು ಅವರ ಕೈಯಲ್ಲಿ ನಿಜವಾಗಿಯೂ ಹೊಸದೇನಾದರೂ ಇದ್ದು ಅವರೇ ಪೇಟೆಂಟ್ ಹಾಕಬೇಕೆಂದಿದ್ದರೆ ಅರ್ಜಿಗೆ ಮೊದಲು ಬರೆಯಬೇಡಿ. ಬರೆದರೆ ನಮ್ಮ ಬರಹವೇ ಅವರಿಗೆ ಉರುಳಾಗುತ್ತದೆ.

ಇನ್ನು ನಾನೇ ಶುರು ಮಾಡುತ್ತೇನೆ, ಅಣ್ಣನ ಮಗನನ್ನು ಕೇಳಿಯೇ. ನಮ್ಮ ಶೆಡ್ಡಿನಲ್ಲಿ ಹೀಗೆ ಮಾಡುತ್ತಾರೆ:

ಹಚ್ಚಿದ ಎಲೆಯನ್ನು ಹಿಂದಿನ ರಾತ್ರಿ ಒದ್ದೆ ಗೋಣಿಚೀಲದಲ್ಲಿ ಸುತ್ತಿಡುತ್ತಾರೆ, ಒಣಗಿದ್ದರೆ ಅಂಚು ಸೀಳುತ್ತದೆ. ಕೆಳಗಿನ ಡೈ ಮೇಲಿನದಕ್ಕಿಂತ ಹೆಚ್ಚು ಬಿಸಿ ಇಡುತ್ತಾರೆ, ನೀರು ಚಿಮುಕಿಸಿದರೆ ಚುರ್ರ್ ಅಂತ ಹನಿ ಓಡಬೇಕು. ಕಾಗದದ ನುಣುಪು ಮೈ ಕೆಳಗೆ. ಹ್ಯಾಂಡಲನ್ನು ಮೊದಲನೇ ಹಲ್ಲಿನ ತನಕ ಎಳೆದು ಒಂದು, ಎರಡು ಅಂತ ಎಣಿಸುತ್ತಾರೆ. ಬೆರಳು ದಪ್ಪದಷ್ಟು ಎತ್ತುತ್ತಾರೆ, ಬಿಳಿ ಹಬೆ ಹೊರಬರುತ್ತದೆ. ಇದೇ ಉಸಿರು ಬಿಡಿಸುವುದು. ಹಬೆ ನಿಂತ ಕೂಡಲೇ ಎರಡನೇ ಹಲ್ಲಿನ ತನಕ ಎಳೆದು ಎಂಟರ ತನಕ ಎಣಿಸಿ ಬಿಡುತ್ತಾರೆ. ಮಳೆಗಾಲದಲ್ಲಿ ಎರಡು ಸಲ ಉಸಿರು ಬಿಡಿಸುತ್ತಾರೆ. ತೆಗೆದ ತಾಟುಗಳನ್ನು ಬಿಸಿ ಇರುವಾಗಲೇ ಒಂದರ ಮೇಲೊಂದು ಒಟ್ಟಿ ಮೇಲೆ ಕಲ್ಲು ಇಡುತ್ತಾರೆ, ಇಲ್ಲವಾದರೆ ಸೊಟ್ಟಗಾಗುತ್ತವೆ.

ಇದನ್ನು ಕಂಡುಹಿಡಿದವರು ಯಾರು ಅಂತ ಗೊತ್ತಿಲ್ಲ. ನಮ್ಮ ಶೆಡ್ಡಿನಲ್ಲಿ ಅಣ್ಣ ಮಾಡುತ್ತಿದ್ದ. ಬೇರೆ ಶೆಡ್ಡುಗಳಲ್ಲಿ ಬೇರೆ ಅಣ್ಣಂದಿರು ಮಾಡುತ್ತಿದ್ದಿರಬೇಕು. ನಿಮ್ಮ ಊರಿನಲ್ಲೂ ಹೀಗೆಯೋ, ಬೇರೆ ಥರವೋ? ಗೊತ್ತಿದ್ದವರು ಕೆಳಗೆ ಬರೆಯಿರಿ. ತಾರೀಖು ತಾನಾಗಿಯೇ ಬೀಳುತ್ತದೆ.